ಕಾಲು ಪಾಲು ಕೂಡಿಸುವ ದಸ್ತಗೀರಸಾಬ

ಬೆಟಗೇರಿಯ ದಸ್ತಗೀರಸಾಬನ ಮೋಟಾರ್ ವೈಂಡಿಂಗ್ ಅಂಗಡಿಗೆ ಬೋರ್ಡಿಲ್ಲ. ಮೊದಲು ಒಂದಿತ್ತು; ಬಣ್ಣ ಹೋದ ಮೇಲೆ ಇನ್ನೊಮ್ಮೆ ಬರೆಸುವ ಗೋಜಿಗೆ ಅವನು ಹೋಗಲಿಲ್ಲ. “ಗಿರಾಕಿಗೆ ಹಾದಿ ಗೊತ್ತೈತಿ. ಗೊತ್ತಿಲ್ಲದಾಂವ ನನಗ ಬ್ಯಾಡ” ಎನ್ನುತ್ತಾನೆ. ಇಂಥ ಬಾಯಿ ಇಟ್ಟುಕೊಂಡು ವ್ಯಾಪಾರಕ್ಕಿಳಿದ ಬೇರೆ ಯಾರೇ ಆಗಿದ್ದರೂ ಎಂದೋ ಬಾಗಿಲು ಹಾಕಿಕೊಂಡು ಹೋಗಿರುತ್ತಿದ್ದರು. ಆದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ರೈತರು ಸುಟ್ಟ ಬೋರಿನ ಮೋಟಾರನ್ನು ಬೈಕಿಗೆ ಕಟ್ಟಿಕೊಂಡು, ದಾರಿಯಲ್ಲಿ ಬೋರ್ಡಿರುವ ಹತ್ತು ಅಂಗಡಿ ದಾಟಿ, ಬೋರ್ಡಿಲ್ಲದ ಇವನ ಬಾಗಿಲಿಗೇ ಬರುತ್ತಾರೆ.

ಸುಟ್ಟ ಸುತ್ತುಗಳನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಟ್ಟನೆಂದರೆ ಆ ಮೋಟಾರು ಮತ್ತೆ ನಾಲ್ಕು ವರ್ಷ ಕಿರಿಕಿರಿಯಿಲ್ಲದೆ ನೀರೆತ್ತುತ್ತದೆ. ಗ್ಯಾರಂಟಿ ಕಾರ್ಡು ಎಂಬುದಿಲ್ಲ. “ನಾ ಅಂದೀನಿ ಅಂದ್ರ ಆತು” ಎಂಬ ಮಾತೇ ಗ್ಯಾರಂಟಿ. ಆ ಮಾತು ಹೇಳುವಾಗ ಅವನ ಮುಖ ನೋಡಬೇಕು. ಜಿಲ್ಲಾಧಿಕಾರಿಗಳು ಆದೇಶಕ್ಕೆ ಸಹಿ ಹಾಕುವಾಗಲೂ ಅಷ್ಟು ಗತ್ತು ಇರಲಾರದು.

ನಾನು ತಿರಕಪ್ಪ. ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು. ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಇವನ ಅಂಗಡಿಯ ಬೆಂಚಿನ ಮೇಲೆ ನನ್ನ ಹಾಜರಿ. ಕೆಲಸದಲ್ಲಿದ್ದಾಗ ಇಷ್ಟು ಸರಿಯಾಗಿ ಹೋಗಿದ್ದರೆ ಬಡ್ತಿಯಾದರೂ ಸಿಗುತ್ತಿತ್ತು ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಇರಲಿ. ದಸ್ತಗೀರಸಾಬ ಜೀವನದಲ್ಲಿ ಒಮ್ಮೆ ದೊಡ್ಡದಾಗಿ ತಪ್ಪಿದ. ಆ ಕಥೆ ಹೇಳಬೇಕೆಂದರೆ ಮೊದಲು ಅವನ ಕಾಲು ಪಾಲಿನ ಶಾಸ್ತ್ರ ಹೇಳಬೇಕು.

ಪ್ರತಿ ಮೋಟಾರಿಗೂ ಒಂದು ತಗಡಿನ ಪ್ಲೇಟ್ ಇರುತ್ತದೆ. ಇದು ಇಷ್ಟು ಎಚ್‌ಪಿ, ಇದಕ್ಕೆ ಇಷ್ಟು ವೋಲ್ಟ್ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಕಡೆ ಈ ಪ್ಲೇಟುಗಳಿಗೆ ವಿನಯ ಬಹಳ. ಹತ್ತು ಎಚ್‌ಪಿ ಒಳಗಿದ್ದರೆ ಹೊಲದ ಕರೆಂಟಿಗೆ ಬಿಲ್ಲಿಲ್ಲ ನೋಡಿ, ಅದಕ್ಕೇ ಹನ್ನೆರಡೂವರೆ ಎಚ್‌ಪಿಯ ಗಟ್ಟಿ ಮೋಟಾರು ಕೂಡ ಹತ್ತು ಎಂಬ ಪ್ಲೇಟ್ ಧರಿಸಿ ತಲೆ ತಗ್ಗಿಸಿಕೊಂಡು ಕೂತಿರುತ್ತದೆ. ನನಗಿದು ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ನನ್ನ ಕೆಲಸ ಮೀಟರ್ ಓದುವುದಾಗಿತ್ತು, ಪ್ಲೇಟ್ ಓದುವುದಲ್ಲ. ದಸ್ತಗೀರಸಾಬ ಮಾತ್ರ ಇದನ್ನೇ ಒಂದು ಸೂತ್ರ ಮಾಡಿಕೊಂಡಿದ್ದ. ಪ್ಲೇಟು ಏನೇ ಹೇಳಲಿ, ಅದಕ್ಕೆ ಕಾಲು ಪಾಲು ಕೂಡಿಸು. ಆಮೇಲೆ ಕೈಯಲ್ಲಿ ಎತ್ತಿ ತೂಕ ನೋಡು. ತೂಕವಿದ್ದರೆ ತಾಮ್ರವಿದೆ, ತಾಮ್ರವಿದ್ದರೆ ತಾಳುತ್ತದೆ. ಮೂವತ್ತೆಂಟು ವರ್ಷದಲ್ಲಿ ಈ ಸೂತ್ರ ಒಮ್ಮೆಯೂ ಸುಳ್ಳಾಗಿರಲಿಲ್ಲ. ಮನುಷ್ಯ ಕೆಡುವುದಕ್ಕೆ ಇಷ್ಟು ಸಾಕು.

ಅಡರಕಟ್ಟಿಯ ದೇವಪ್ಪ ಅವನ ಹಳೆಯ ಗಿರಾಕಿ. ದೇವಪ್ಪನ ಮಗಳು ಮಮತಾ, ಲಕ್ಷ್ಮೇಶ್ವರದಲ್ಲಿ ಅಪ್ಪನದೇ ಮಳಿಗೆಯಲ್ಲಿ ಐದು ವರ್ಷದಿಂದ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಳು. ಪಹಣಿ ತೆಗೆಯುವುದು, ಬೆಳೆ ವಿಮೆಯ ಅರ್ಜಿ ಹಾಕುವುದು, ಪರೀಕ್ಷೆಯ ಫಾರ್ಮು ತುಂಬುವುದು. ಈಗೀಗ ಜನ ಅದನ್ನೆಲ್ಲ ಮೊಬೈಲಿನಲ್ಲೇ ಮಾಡಿಕೊಂಡು, ತಪ್ಪಾದಾಗ ಮಾತ್ರ ಅವಳ ಹತ್ತಿರ ಬರುತ್ತಿದ್ದರು. ಬೇರೇನಾದರೂ ಕೈಗೆ ಹತ್ತೀತೇ ಎಂದು ಅವಳು ಕೂಡಿಟ್ಟದ್ದರಲ್ಲಿ ಒಂದು ಹಳೆಯ ಕ್ರಿಪ್ಟೊ ಮೈನಿಂಗ್ ಮಷಿನ್ ಕೊಂಡಿದ್ದಳು. ದೇವಪ್ಪ ಇದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಕರೆಂಟಿನ ಸಾಮಾನು ಏನಿದ್ದರೂ ದಸ್ತಗೀರಸಾಬರು ಹೇಳಿದ್ದನ್ನೇ ತೆಗೆದುಕೊಳ್ಳಬೇಕು.

ಹೀಗಾಗಿ ಒಂದು ದಿನ ಮಮತಾ ಮೂರು ಡಬ್ಬಿ ಹೊತ್ತುಕೊಂಡು ಅಂಗಡಿಗೆ ಬಂದಳು. ಅದರಲ್ಲೊಂದು ಆ ಮಷಿನ್. ಎರಡೂ ತುದಿಗೆ ಫ್ಯಾನು ಕಟ್ಟಿದ ಉದ್ದನೆಯ ತಗಡಿನ ಡಬ್ಬಿ.

“ಇದೇನ್ ಮಾಡ್ತೈತೆವಾ?” ಎಂದು ದಸ್ತಗೀರಸಾಬ ಕೇಳಿದ.

“ಲೆಕ್ಕಾ ಬಿಡಸ್ತೈತಿ ಕಾಕಾ. ಇಂಥಾವು ಲಕ್ಷಗಟ್ಟಲೆ ಮಶಿನ್ ಕೂಡಿ ಹಗಲೂ ರಾತ್ರಿ ಲೆಕ್ಕಾ ಬಿಡಸ್ತಾವ. ನಾವು ಮಾಡಿದ ಕೆಲಸಕ್ಕ ನಮ್ಮ ಪಾಲಿನ ಕಾಯಿನ್ ಬರ್ತೈತಿ. ಕ್ರಿಪ್ಟೊ ಅಂತಾರ.”

“ಆ ಕಾಯಿನ್ ನೀ ನೋಡೀಯೇನು?”

“ಅದು ಕೈಯಾಗ ಹಿಡಿಯೋದಲ್ಲ ಕಾಕಾ. ಕಂಪ್ಯೂಟರಿನ್ಯಾಗ ಇರ್ತೈತಿ.”

ದಸ್ತಗೀರಸಾಬ ನನ್ನ ಕಡೆ ತಿರುಗಿದ. “ಲೆಕ್ಕಾ ಬಿಡಸಿದ್ರ ರೊಕ್ಕಾ ಕೊಡ್ತಾರಂದ್ರ ನಮ್ಮ ಗಣಿತದ ಮಾಸ್ತರು ಇಷ್ಟೊತ್ತಿಗೆ ಅರ್ಧಾ ಗದಗ ಕೊಂಡಿರತಿದ್ರಲ್ಲಲೇ!”

ಮಮತಾಳೂ ನಕ್ಕಳು. ಆಮೇಲೆ ಉಳಿದ ಎರಡು ಡಬ್ಬಿ ಮುಂದಿಟ್ಟಳು. ಅವು ಪವರ್ ಸಪ್ಲೈ. ಗೋಡೆಯಲ್ಲಿ ಬರುವ ಇನ್ನೂರಾ ಮೂವತ್ತು ವೋಲ್ಟನ್ನು ಆ ಮಷಿನ್ ನೇರವಾಗಿ ತಿನ್ನಲಾರದು, ಅದಕ್ಕೆ ಹನ್ನೆರಡೇ ವೋಲ್ಟ್ ಬೇಕು. ನಡುವೆ ಕೂತು ಬದಲಾಯಿಸಿ ಕೊಡುವುದು ಈ ಡಬ್ಬಿ. ಎರಡನ್ನೂ ಅವಳು ಬೇಡವಾದರೆ ವಾಪಸ್ ಕೊಡುವ ಮಾತಿನ ಮೇಲೆ ತರಿಸಿದ್ದಳು.

“ದಲಾಲ ಇದ್ದಂಗ ಕಾಕಾ ಇದು. ಗ್ವಾಡಿಯಿಂದ ಕರೆಂಟ್ ತಗೋತೈತಿ, ಮಶಿನಿಗೆ ಕೊಡ್ತೈತಿ, ನಡುವ ತನ್ನ ದಲಾಲಿ ಹಿಡಕೋತೈತಿ. ಆ ದಲಾಲಿ ಬಿಸಿಯಾಗಿ ಹೋಗ್ತೈತಿ, ಯಾರಿಗೂ ದಕ್ಕಂಗಿಲ್ಲ. ಈ ಅಗ್ಗದ್ದು ನೂರು ತಗೊಂಡ್ರ ಎಂಬತ್ತು ಕೊಡ್ತೈತಿ. ಈ ತುಟ್ಟೀದು ತೊಂಬತ್ತಮೂರು ಕೊಡ್ತೈತಿ. ಇದಕ್ಕ ಗೋಲ್ಡ್ ದರ್ಜೆ ಅಂತಾರ.”

“ಗೋಲ್ಡ್?”

“ಹೂಂ ಕಾಕಾ. ಕಂಚು, ಬೆಳ್ಳಿ, ಬಂಗಾರ ಅಂತ ದರ್ಜೆ ಇರ್ತಾವ.”

ಚಹಾ ತಂದಿದ್ದ ಮೆಹಬೂಬಿ ಅಲ್ಲೇ ನಿಂತಳು. ದಸ್ತಗೀರಸಾಬನ ಹೆಂಡತಿ. ಮನೆ ಅಂಗಡಿಯ ಹಿಂದೆಯೇ ಇರುವುದರಿಂದ ಅಂಗಡಿಯ ಯಾವ ಮಾತೂ ಅವಳ ಕಿವಿ ತಪ್ಪಿಸಿ ಹೋಗುವುದಿಲ್ಲ. ಗಂಡನಿಗೆ ಹೇಳಬೇಕಾದ್ದನ್ನು ಅವಳು ನನಗೆ ಹೇಳುತ್ತಾಳೆ, ಅದೊಂದು ರೂಢಿ. “ಕೇಳಿದ್ರೇನ್ರಿ ತಿರಕಪ್ಪಣ್ಣಾ? ಡಬ್ಬಿಗೂ ಬಂಗಾರ ಬಂತು. ನನ್ನ ಕಿವ್ಯಾಗಿನ್ನೂ ಮದಿವ್ಯಾಗ ನಮ್ಮಪ್ಪ ಹಾಕಿದ್ದ ವಾಲೀನ ಅದಾವು.”

ಮಮತಾ ಒಂದು ಹಾಳೆ ತೆಗೆದು ತೋರಿಸಿದಳು. ಎರಡಕ್ಕೂ ಇರುವ ವ್ಯತ್ಯಾಸ ದಿನಕ್ಕೆ ಐದೂವರೆ ಯೂನಿಟ್ಟಿಗಿಂತ ಹೆಚ್ಚು. ಮೂವತ್ತು ವರ್ಷ ಯೂನಿಟ್ಟು ಓದಿದವನು ನಾನು. ನಮ್ಮ ಓಣಿಯ ಎರಡು ಮನೆ ಇಡೀ ದಿನ ನಡೆಯುವಷ್ಟು ಕರೆಂಟು ಅದು. ಹುಡುಗಿಯ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅದನ್ನು ನಾನು ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಚಹಾ ಕುಡಿಯುತ್ತಿದ್ದೆ.

ದಸ್ತಗೀರಸಾಬ ಹಾಳೆಯ ಕಡೆ ನೋಡಲಿಲ್ಲ. ಎರಡೂ ಡಬ್ಬಿಯನ್ನು ಒಂದೊಂದು ಕೈಯಲ್ಲಿ ಎತ್ತಿದ. ಬಂಗಾರದ್ದು ಹಗುರ, ಅಗ್ಗದ್ದು ಭಾರ. “ಇದರಾಗ ಮಾಲೈತಿ. ಅದರಾಗ ಬರೇ ಹೆಸರೈತಿ” ಎಂದ.

“ಆದ್ರ ಕಾಕಾ, ಮಶಿನ್ ಬೇಡೋದು ಸಾವಿರದ ಮುನ್ನೂರಾ ಐವತ್ತು ವ್ಯಾಟ್. ಇದರ ಮ್ಯಾಲ ಬರದಿರೋದು ಸಾವಿರದ ಎರಡನೂರು. ತುಟ್ಟೀದರ ಮ್ಯಾಲ ಸಾವಿರದ ಎಂಟನೂರು ಐತಿ. ಅದು ಆರಾಮ ತಾಳತೈತಿ.”

“ಸಾವಿರದ ಎರಡನೂರಕ್ಕ ಕಾಲು ಪಾಲು ಕೂಡಸು. ಎಷ್ಟಾತು?”

“ಸಾವಿರದ ಐನೂರು.”

“ನಿನಗ ಬೇಕಾದ್ದು ಹೋಗಿ ಇನ್ನೂ ನೂರಾ ಐವತ್ತು ಮಿಗತೈತಿ. ಮುಗೀತಿಲ್ಲೋ?”

“ಮೋಟಾರಿನ ಪ್ಲೇಟ್ ಕಡಿಮಿ ಹೇಳತೈತಿ, ಖರೆ. ಕಂಪ್ಯೂಟರ್ ಸಾಮಾನಿನ್ಯಾಗ ಹಂಗಲ್ಲ ಕಾಕಾ, ಅಗ್ಗದ ಮಾಲಿನ ಮ್ಯಾಲ ಇದ್ದದ್ದಕ್ಕಿಂತ ಹೆಚ್ಚು ಬರದಿರ್ತಾರ.”

“ಯವ್ವಾ, ನಿಮ್ಮಪ್ಪ ಸಣ್ಣಾಂವಿದ್ದಾಗಿಂದ ಪ್ಲೇಟ್ ನೋಡಾಕತ್ತೀನಿ. ನಾ ಅಂದೀನಿ ಅಂದ್ರ ಆತು.”

ಮಮತಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು. ಬಂಗಾರದ ಡಬ್ಬಿ ವಾಪಸ್ ಹೋಯಿತು.

ಎರಡು ವಾರ ಏನೂ ಸುದ್ದಿಯಿರಲಿಲ್ಲ. ದಸ್ತಗೀರಸಾಬ ಮಾತ್ರ ಬಂದಬಂದವರಿಗೆಲ್ಲ ತಾನು ಕ್ರಿಪ್ಟೊ ಮಷಿನ್ನಿಗೆ ಸಾಮಾನು ಆರಿಸಿ ಕೊಟ್ಟದ್ದನ್ನು ಹೇಳುತ್ತಿದ್ದ. ಲಕ್ಕುಂಡಿಯ ಒಬ್ಬ ರೈತನಿಗಂತೂ, ಮೋಟಾರು ಒಣಗುವ ತನಕ, ಲೆಕ್ಕ ಬಿಡಿಸಿದರೆ ಕಾಯಿನ್ ಹೇಗೆ ಬರುತ್ತದೆಂದು ಪಾಠವನ್ನೇ ಮಾಡಿದ. ಪಾಪ, ಆ ರೈತ ಹೋಗುವಾಗ ಮೊದಲಿಗಿಂತ ಹೆಚ್ಚು ಗಲಿಬಿಲಿಯಾಗಿದ್ದ.

ಮೂರನೆಯ ವಾರದ ಶನಿವಾರ ದೇವಪ್ಪ ಬಂದ. ಕೈಯಲ್ಲಿ ಅದೇ ಭಾರದ ಡಬ್ಬಿ, ಈಗ ಒಂದು ಬದಿ ಕಪ್ಪಾಗಿತ್ತು. ಕೂತವನೇ ಕೈ ಮುಗಿದ.

“ಸಾಬರ, ನಮ್ಮ ಹುಡುಗಿ ನಿಮ್ಮ ಹೆಸರಿಗೂ ಮಸಿ ಬಳೀತು. ನೀವು ನೋಡಿ ಆರಿಸಿ ಕೊಟ್ಟ ಸಾಮಾನು, ಆಕಿ ಅದಕ್ಕ ಏನ್ ಮಾಡಿದಳೋ ಏನೋ, ಹದಿನೇಳು ದಿನಕ್ಕ ಸುಟ್ಟೈತಿ. ಮಶಿನ್ನೂ ಸುಟ್ಟೈತಿ.”

ದಸ್ತಗೀರಸಾಬ ಡಬ್ಬಿಯನ್ನೇ ನೋಡುತ್ತಿದ್ದ. “ಏನ್ ಮಾಡಿದ್ಲಂತ?” ಎಂದು ಮೆಲ್ಲಗೆ ಕೇಳಿದ.

“ನಾನೂ ಅದನ್ನ ಕೇಳಿದೆ. ನಂದ ತಪ್ಪಪ್ಪಾ ಅಂದ್ಲು. ಮತ್ತೇನೂ ಹೇಳವಲ್ಲಳು. ನಿಮ್ಮ ಮಾತು ಮೀರಿ ಏನೋ ಶಾಣ್ಯಾತನ ಮಾಡ್ಯಾಳ. ಇಷ್ಟು ದಿನ ಆಕಿ ಆಟಾ ನಡೀತು, ಇನ್ನ ಸಾಕು. ಸೋಮವಾರದಿಂದ ಮಳಗಿ ಗೊಬ್ಬರದ ಅಂಗಡಿಯವ್ರಿಗೆ ಬಾಡಿಗಿ ಕೊಡಾಕ ಮಾತಾಡೀನಿ. ಆಕಿ ಮನ್ಯಾಗಿರಲಿ.”

ಈಗ ಯಾರಾದರೂ ಮಾತಾಡಬೇಕಿತ್ತು. ಆ ಹುಡುಗಿ ಹಾಳೆ ತೋರಿಸಿದ್ದನ್ನು ಕಂಡವರು ಅಲ್ಲಿ ಇಬ್ಬರಿದ್ದೆವು. ದಸ್ತಗೀರಸಾಬ ಕೈ ಒರೆಸುವ ಅರಿವೆಯನ್ನು ಮಡಿಸಿದ, ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ. ನಾನು ಬೀದಿಯಲ್ಲಿ ಹೋಗುತ್ತಿದ್ದ ಟಂಟಂ ಆಟೊಗಳನ್ನು ಎಣಿಸುತ್ತಿದ್ದೆ. “ಇದರಾಗ ತಾಮ್ರಾ ಇದ್ರ ನೀವ ಇಟಗೊಳ್ರಿ” ಎಂದು ಡಬ್ಬಿ ಬಿಟ್ಟು ದೇವಪ್ಪ ಎದ್ದು ಹೋದ. ನನಗೆ ನನ್ನ ಮೇಲೇ ನಾಚಿಕೆಯಾಯಿತು, ಆದರೆ ಆ ನಾಚಿಕೆ ಬಂದದ್ದು ದೇವಪ್ಪ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ.

ದಸ್ತಗೀರಸಾಬ ಡಬ್ಬಿಯ ಸ್ಕ್ರೂ ಬಿಚ್ಚಿದ. ಒಳಗೆ ಬೆರಳಿನ ಗಾತ್ರದ ಸಣ್ಣ ಸುತ್ತು, ಕೂದಲಿನಂಥ ತಂತಿ. ತೂಕ ಎಲ್ಲಿತ್ತು ಎಂದರೆ, ತಳಕ್ಕೆ ಒಂದು ಕಬ್ಬಿಣದ ಪಟ್ಟಿ ಕೂರಿಸಿದ್ದರು. ಅದಕ್ಕೆ ವೈರೂ ಇಲ್ಲ, ಕೆಲಸವೂ ಇಲ್ಲ. ಕೈಯಲ್ಲಿ ಎತ್ತಿ ನೋಡುವ ಶಾಣ್ಯಾರು ಎಲ್ಲ ಊರಲ್ಲೂ ಇರುತ್ತಾರೆಂದು ಡಬ್ಬಿ ಮಾಡಿದವನಿಗೆ ಗೊತ್ತಿತ್ತು.

“ಲೇ ತಿರಕಪ್ಪ, ಇದು ಸಾವಿರಾನೂ ತಾಳಂಗಿಲ್ಲಲೇ. ಪ್ಲೇಟು ಹೆಚ್ಚು ಬರದೈತಿ.”

“ಆಕಿ ಅದನ್ನ ಹೇಳಿದ್ಲು” ಎಂದೆ.

“ನೀ ಯಾಕ ಹೇಳಲಿಲ್ಲ?”

“ನೀ ಕೇಳತಿದ್ದೇನು?”

ಊಟಕ್ಕೆ ಕರೆಯಲು ಬಂದ ಮೆಹಬೂಬಿ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: “ತಿರಕಪ್ಪಣ್ಣಾ, ಆ ಹುಡುಗಿ ಬಾಯಿ ಮುಚಗೊಂಡಿದ್ದು ಇವ್ರ ಮರ್ಯಾದಿಗೆ. ಇವ್ರು ಬಾಯಿ ಮುಚಗೊಂಡಿದ್ದು ಯಾರ ಮರ್ಯಾದಿಗೆ, ಕೇಳಿ ಹೇಳ್ರಿ.” ಆ ದಿನ ದಸ್ತಗೀರಸಾಬ ಊಟ ಮಾಡಲಿಲ್ಲ. ನಾನು ಮಾಡಿದೆ, ಮೆಹಬೂಬಿ ಮಾಡಿದ ಬದನೆಕಾಯಿ ಪಲ್ಯ ಬಿಟ್ಟು ಬರುವಷ್ಟು ದೊಡ್ಡ ತಪ್ಪು ನನ್ನದಾಗಿರಲಿಲ್ಲ ಎಂದುಕೊಂಡೆ.

ಮರುದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ದಸ್ತಗೀರಸಾಬ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಸುಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ ಮಾತನ್ನು ನನ್ನ ಮೇಲೆ ಪ್ರಯೋಗ ಮಾಡತೊಡಗಿದ. ಗದಗ ದಾಟುವಾಗ ಅದು “ಮಾಲು ಖೋಟಾ ಇತ್ತು” ಎಂದಿತ್ತು. ಮುಳಗುಂದದ ಹೊತ್ತಿಗೆ “ಅಂದಾಜು ಸ್ವಲ್ಪ ಹೆಚ್ಚು ಕಡಿಮಿ ಆತು” ಎಂದಾಯಿತು. ನಾನು ಎರಡಕ್ಕೂ ತಲೆಯಾಡಿಸಲಿಲ್ಲ. ಲಕ್ಷ್ಮೇಶ್ವರದಲ್ಲಿ ಇಳಿದು ಅಡರಕಟ್ಟಿಯ ಟಂಟಂ ಹತ್ತುವಾಗ ಅವನು ತನ್ನಷ್ಟಕ್ಕೆ ತಾನೇ “ನಂದ ತಪ್ಪು” ಎಂದ. ಎರಡೇ ಶಬ್ದ, ಅದಕ್ಕೆ ನಲವತ್ತು ಕಿಲೋಮೀಟರ್ ಹಿಡಿದಿತ್ತು.

ದೇವಪ್ಪ ಕಟ್ಟೆಯ ಮೇಲೆ ಕೂತಿದ್ದವನು ಧಡಕ್ಕನೆ ಎದ್ದ. “ಬರ್ರಿ ಬರ್ರಿ ಸಾಬರ, ಕುಂಡ್ರಿ. ಒಂದು ಫೋನ್ ಮಾಡಿದ್ರ ನಾನ ಬರತಿದ್ದೆ!” ಒಳಗಿಂದ ಮಮತಾ ನೀರಿನ ತಂಬಿಗೆ ತಂದಳು. ಡಬ್ಬಿ ನೋಡಿ ಅಲ್ಲೇ ನಿಂತಳು.

ದಸ್ತಗೀರಸಾಬ ಪೀಠಿಕೆ ಹಾಕಲಿಲ್ಲ. “ದೇವಪ್ಪಣ್ಣಾ, ಇದು ಸುಟ್ಟಿದ್ದು ಮಗಳಿಂದಲ್ಲ. ನಂದ ತಪ್ಪು. ಆಕಿ ಬರೋಬ್ಬರಿದ್ದದ್ದನ್ನ ಆರಿಸಿಕೊಂಡು ಬಂದಿದ್ಲು. ಇದು ತಾಳಂಗಿಲ್ಲ ಅಂತ ಲೆಕ್ಕಾ ಬರದು ತೋರಿಸಿದ್ಲು. ನಾ ನೋಡಲಿಲ್ಲ. ಕಾಲು ಪಾಲು ಕೂಡಸು ಅಂದೆ.”

ದೇವಪ್ಪ ನಕ್ಕುಬಿಟ್ಟ. “ಏ, ಬಿಡ್ರಿ ಸಾಬರ. ನಿಮ್ಮ ದೊಡ್ಡ ಮನಸು ನನಗ ಗೊತ್ತಿಲ್ಲೇನು? ಹುಡುಗಿ ಅತ್ತಿರಬೇಕು, ಫೋನ್ ಮಾಡಿರಬೇಕು, ಆಕಿನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಂಡು ಬಂದೀರಿ.”

“ಅಲ್ಲೋ ಮಾರಾಯಾ, ಖರೇನ ಹೇಳಾಕತ್ತೀನಿ.”

“ಆತು, ಆತು. ಮಮತಾ, ಚಹಾ ಇಡವಾ.”

ದಸ್ತಗೀರಸಾಬನ ಮುಖ ನೋಡುವಂತಿತ್ತು. ಮೂವತ್ತೆಂಟು ವರ್ಷದಲ್ಲಿ ಅವನು ಹೇಳಿದ್ದನ್ನು ಗಿರಾಕಿಯೊಬ್ಬ ನಂಬದೇ ಇದ್ದದ್ದು ಅದೇ ಮೊದಲು, ಅದೂ ಅವನು ಮೊದಲ ಸಲ ತಪ್ಪೊಪ್ಪಿಕೊಂಡಾಗ. ಬೇರೆ ಹೊತ್ತಾಗಿದ್ದರೆ ನಾನು ವರ್ಷಗಟ್ಟಲೆ ಇದನ್ನು ಹೇಳಿ ಹೇಳಿ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. “ನಾ ಅಲ್ಲೇ ಇದ್ದೆ ದೇವಪ್ಪ” ಎಂದೆ. “ಹುಡುಗಿ ಲೆಕ್ಕಾ ನಾನೂ ನೋಡೀನಿ. ಒಂದು ಅಂಕಿ ತಪ್ಪಿದ್ದಿಲ್ಲ. ನಿನ್ನಿ ನೀ ಬಂದಾಗ ಹೇಳಬೇಕಿತ್ತು. ಇಬ್ಬರೂ ಸುಮ್ನ ಕುಂತ್ವಿ.”

ದೇವಪ್ಪನ ನಗು ನಿಂತಿತು. ನನ್ನನ್ನು ನೋಡಿದ, ದಸ್ತಗೀರಸಾಬನನ್ನು ನೋಡಿದ. ಕೊನೆಗೆ ಮಗಳ ಕಡೆ ತಿರುಗಿದ. “ಯಾಕವಾ? ನನಗ ಹೇಳಬೇಕಿತ್ತಿಲ್ಲೋ?”

ಮಮತಾ ತಂಬಿಗೆ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. “ಹೇಳಿದ್ರ ನಂಬತಿದ್ದೇನಪಾ? ಕಾಕಾ ತಾವ ಬಂದು ಹೇಳಿದ್ರೂ ನೀ ನಂಬಲಿಲ್ಲ.”

ದೇವಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಗೊಬ್ಬರದ ಅಂಗಡಿಯವರ ನಂಬರ್ ಹುಡುಕಿ, ಕಿವಿಗಿಟ್ಟುಕೊಂಡ.

“ನಮಸ್ಕಾರ್ರಿ, ಅಡರಕಟ್ಟಿ ದೇವಪ್ಪ… ಹೌದ್ರಿ, ನಾಳೆ ಬರತೀನಿ ಅಂದಿದ್ರಿ… ಇಲ್ಲರಿ, ಬಾಡಿಗಿ ಹೆಚ್ಚು ಕಡಿಮಿ ಮಾತಲ್ಲ. ಆ ಅಂಗಡಿ ನಮ್ಮ ಮಗಳದು. ನನ್ನ ಕೇಳಬ್ಯಾಡ್ರಿ, ಆಕಿನ್ನ ಕೇಳ್ರಿ.”

ಅಷ್ಟು ಹೇಳಿ ಮೊಬೈಲನ್ನು ಮಗಳ ಕಡೆ ಚಾಚಿದ. ಮಮತಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.

“ಖಾಲಿ ಇಲ್ಲರಿ ಅಣ್ಣಾರ” ಎಂದಳು. “ನಾಳೆ ಒಂಬತ್ತಕ್ಕ ತಗದಿರತೀನಿ. ಏನರ ಅರ್ಜಿ ಹಾಕೋದಿದ್ರ ಬರ್ರಿ.”